ಆರ್ವಿಲ್ ತಾತನ ಹಳೆಯ ಡಬ್ಬ

ಅಮೆರಿಕದ ಟೊಲೀಡೊ ಊರಿನ ನಮ್ಮ ಬೀದಿಯಲ್ಲಿ ಕೇಬಲ್ ಟಿವಿ ಕಂಪನಿ ಬದಲಾಯಿಸುವವರೆಲ್ಲ ಮೊದಲು ಪಕ್ಕದ ಮನೆಯ ಆರ್ವಿಲ್ ತಾತನನ್ನು ಕೇಳುತ್ತಾರೆ. ಯಾವ ಕಂಪನಿಯ ರೆಕಾರ್ಡರ್ ಡಬ್ಬ ಎಷ್ಟು ಧಾರಾವಾಹಿ ಹಿಡಿದಿಡುತ್ತದೆ, ಯಾವುದು ಬೆಕ್ಕಿನ ಹಾಗೆ ಗುರುಗುಟ್ಟುತ್ತದೆ ಎಂದು ತಾತ ಮೆಲುದನಿಯಲ್ಲಿ ಹೋಲಿಸುತ್ತ ಹೋದರೆ ನನ್ನ ಹೆಗಲ ಮೇಲಿನ ಮಗು ನಿದ್ದೆಹೋಗುತ್ತದೆ, ನನಗೂ ತೂಕಡಿಕೆ. ಮಾರಲು ಬಂದವರಿಗೆ ಮಾತ್ರ ಒಂದೇ ಪ್ರಶ್ನೆ: “ಹಳೇ ಡಬ್ಬದಲ್ಲಿ ರೆಕಾರ್ಡ್ ಆಗಿರೋದು ನಿಮ್ಮದಕ್ಕೆ ಬರುತ್ತೇನಪ್ಪಾ?” “ಇಲ್ಲ ಸರ್, ಅದನ್ನ ಹಾಗೇ ಹಳೇ ಕಂಪನಿಗೆ ವಾಪಸ್ ಕೊಡ್ಬೇಕು.” “ಹಾಗಾದ್ರೆ ಕಾಫಿ ಕುಡ್ದು ಹೊರಡು.” ಯಾವ ಡಬ್ಬವನ್ನೂ ಒಪ್ಪದ ತಾತನನ್ನು ನಾನು ಇವತ್ತು ಛೇಡಿಸಿದೆ: “ಹೆಣ್ಣು ನೋಡೋದೇ ಆಯ್ತು ತಾತ, ಮದುವೆ ಯಾವಾಗ?” ತಾತ ನಕ್ಕು ಹಳೆಯ ಡಬ್ಬವನ್ನು ಚಾಲೂ ಮಾಡಿದರು. ಊರ ಚಾನೆಲ್ಲಿನಿಂದ ಎಂದೋ ಹಿಡಿದಿಟ್ಟ, ಸಾಲು ಗೂಟಗಳ ಬೌಲಿಂಗ್ ಪಂದ್ಯ. ಕೆಂಪು ಅಂಗಿಯ ಹೆಂಗಸೊಬ್ಬಳು ಚೆಂಡು ಉರುಳಿಸಿ ಅಷ್ಟೂ ಗೂಟ ಕೆಡವಿದಳು. ಗಂಡನ ಹೆಸರನ್ನೂ ಮರೆತು ಸದಾ ಕಿಟಕಿ ನೋಡುತ್ತ ಕೂರುವ ತಾತನ ಹೆಂಡತಿ ವಿಲ್ಮಾ ಅಜ್ಜಿ, ತೆರೆಯ ಮೇಲೆ ವರ್ಷಗಳ ಹಿಂದಿನ ತನ್ನನ್ನೇ ಕಂಡು ಚಪ್ಪಾಳೆ ತಟ್ಟಿದರು: “ಆ ಹುಡುಗಿ ಎಷ್ಟ್ ಚೆನ್ನಾಗಿ ಆಡ್ತಾಳೆ ನೋಡು, ಆರ್ವಿಲ್!”