ನೊರೆಯಕ್ಕನ ತಂಗಿ

ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಯುವ ಬೇಸಿನ್ ಪಕ್ಕ ನಿಂತೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಕೈತುಂಬ ಸದಾ ನೊರೆ. ಹಾಗಾಗಿ ಎಲ್ಲರಿಗೂ ಅವಳು ನೊರೆಯಕ್ಕ. "ಇಲ್ಲಿ ತಲೆ ತಿನ್ನೋರೇ ಎಲ್ಲ, ತೊಳೆಯೋಳು ಇವಳೊಬ್ಬಳೇ" ಎಂದು ಪಾರ್ಲರಿನ ಒಡತಿ ನಗುತ್ತಿದ್ದಳು.

ಆ ಕೈ ಪಳಗಿದ್ದು ತಂಗಿಯ ತಲೆಯ ಮೇಲೆ. ಅಮ್ಮ ತೀರಿಕೊಂಡಾಗ ತಂಗಿ ಇನ್ನೂ ತೊದಲುತ್ತಿದ್ದಳು. ಕಣ್ಣಿಗೆ ಸೋಪು ಹೋದರೆ ದೊಡ್ಡ ರಂಪ. ರಮಿಸಿ, ಕತೆ ಹೇಳಿ, ಅಕ್ಕನೇ ಮೀಯಿಸಿ ಬೆಳೆಸಿದಳು. ಮದುವೆಯಾಗಿ ಬೇರೆ ಊರಿಗೆ ಹೊರಟಾಗ ತಂಗಿಯ ಜಡೆ ಸೊಂಟ ದಾಟಿತ್ತು.

ಆ ತಂಗಿಗೆ ಲಕ್ವ ಹೊಡೆಯಿತು. ಒಂದು ಮಗ್ಗುಲು ಬಿದ್ದುಹೋಯಿತು, ಮಾತೂ ನಿಂತಿತು. ನೊರೆಯಕ್ಕ ಆಸ್ಪತ್ರೆಗೆ ಓಡಿಬಂದು, ರಜೆ ಮುಗಿದೊಡನೆ ವಾಪಸಾಗಿದ್ದಳು. ಕೆಲವು ತಿಂಗಳಾದ ಮೇಲೆ ತಂಗಿಯ ಗಂಡ ಫೋನ್ ಮಾಡಿದ. ಅವನು ಲಾರಿ ಡ್ರೈವರ್.

"ಅಕ್ಕಾ, ಕೂದಲು ಪೂರ್ತಿ ಗಂಟಾಗಿದೆ. ಮನೆಗೆ ಬರೋ ನರ್ಸು ಬೋಳಿಸಿಬಿಡಿ ಅಂತಾರೆ. ಇವಳು ಕತ್ತರಿ ಕಂಡ್ರೇ ಅಳ್ತಾಳೆ."

"ಯಾರೂ ಕೈ ಹಚ್ಬೇಡಿ. ನಾನು ಬರ್ತೀನಿ."

ಬಂದು ನೋಡಿದರೆ ಕೂದಲು ಹಳೇ ಕಂಬಳಿಯ ತುಂಡಿನಂತೆ ಬಿಗಿದುಕೊಂಡಿತ್ತು.

"ಏನು ಹಾಕಿ ತೊಳೆದ್ರಿ?"

ಅವನು ಮುಖ ತಗ್ಗಿಸಿದ. "ಬಟ್ಟೆ ಸೋಪು. ಗೊತ್ತಾಗ್ಲಿಲ್ಲ ಅಕ್ಕಾ."

ನೊರೆಯಕ್ಕ ಸೆರಗು ಸಿಕ್ಕಿಸಿಕೊಂಡಳು. ತಂಗಿಯ ತಲೆಯನ್ನು ಮಂಚದ ಅಂಚಿಗೆ ತಂದು, ಕೆಳಗೆ ಬಕೆಟ್ ಇಟ್ಟಳು. ಗಂಟುಗಳಿಗೆ ಎಣ್ಣೆ ಕುಡಿಸಿ, ಎಳೆತ ಬುಡಕ್ಕೆ ತಾಗದಂತೆ ಮುಷ್ಟಿಯಲ್ಲಿ ಹಿಡಿದು, ತುದಿಯಿಂದ ಎಳೆ ಎಳೆಯಾಗಿ ಬಿಡಿಸುತ್ತ ಬಂದಳು. ತಂಗಿಯ ಸರಿಯಿದ್ದ ಕೈ ಅವಳ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ತಂಗಿಯ ಐದು ವರ್ಷದ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅರ್ಧ ತಲೆ ಬಿಡಿಸುವ ಹೊತ್ತಿಗೆ ಹಿಂಬದಿಯ ದೊಡ್ಡ ಗಂಟಿನಡಿ ಬೆರಳಿಗೆ ಏನೋ ಮೆತ್ತಗೆ ತಾಗಿತು. ಹುಣ್ಣು. ಮಲಗಿದ್ದಲ್ಲೇ ಒತ್ತಿ ಒತ್ತಿ ಆದದ್ದು, ಕೂದಲಡಿ ಯಾರಿಗೂ ಕಂಡಿರಲಿಲ್ಲ. ಡಾಕ್ಟರು ಬಂದು ನೋಡಿ, ಕೂದಲು ತೆಗೆಯಲೇಬೇಕು, ಆಮೇಲೆ ಆಸ್ಪತ್ರೆಗೆ ಸೇರಿಸಬೇಕು ಎಂದರು.

ನರ್ಸು ಕತ್ತರಿ ತೆಗೆದಾಗ ನೊರೆಯಕ್ಕ ಕೈ ಚಾಚಿದಳು. "ಕೊಡಿ, ನಾನೇ ಮಾಡ್ತೀನಿ." ತಂಗಿಯ ಕಿವಿಯ ಹತ್ತಿರ ಬಾಗಿದಳು. "ಬೇರೆಯವರ ಕೈ ಬೇಡ ಪುಟ್ಟಿ. ನಾನಿದೀನಿ."

ತಂಗಿ ಕಣ್ಣು ಮುಚ್ಚಿದಳು. ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟಳು.

ನಂಜು ರಕ್ತಕ್ಕೆ ಇಳಿದಿತ್ತು. ವಾರ ಕಳೆಯುವುದರೊಳಗೆ ಅವಳು ಹೋದಳು.

ಎಲ್ಲ ಮುಗಿದ ಮೇಲೆ, ಮಗುವಿನ ಕೆದರಿದ ತಲೆ ನೋಡಲಾರದೆ ನೊರೆಯಕ್ಕ ನೀರು ಕಾಯಿಸಿ ಕರೆದಳು. ಮಗು ಅಪ್ಪನ ಕಾಲ ಹಿಂದೆ ಅಡಗಿಕೊಂಡಿತು.

"ಬೇಡ! ದೊಡ್ಡಮ್ಮ ಕೂದ್ಲು ಕಟ್ ಮಾಡಿದ್ರು, ಅಮ್ಮ ಸತ್ತೋದ್ಲು."

"ಹಾಗಲ್ಲ ಕಂದಾ..." ಎಂದು ಅವನು ಶುರು ಮಾಡಿದ. ನೊರೆಯಕ್ಕ ಬೇಡವೆಂದು ಸನ್ನೆ ಮಾಡಿ, ಕಾಯಿಸಿದ ನೀರನ್ನು ಅಲ್ಲೇ ಬಿಟ್ಟು ಎದ್ದಳು.

ಈಗ ಮಗಳ ತಲೆ ತೊಳೆಯುವುದು ಅವನೇ. ಲಾರಿಗೆ ರಜೆಯಿದ್ದ ದಿನ ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಹೇಗೆ ತೊಳೆಯಬೇಕೆಂದು ನೊರೆಯಕ್ಕನನ್ನು ಕೇಳುತ್ತಾನೆ. ಇವಳು ಬೇಸಿನ್ ಬಿಟ್ಟು ಪಾರ್ಲರಿನ ಹಿತ್ತಲ ಬಾಗಿಲಿಗೆ ಬಂದು ಹೇಳುತ್ತಾಳೆ. "ಉಗುರು ತಾಗಿಸ್ಬೇಡಿ, ಬೆರಳ ತುದಿಯಲ್ಲಿ ಉಜ್ಜಿ. ಟವೆಲಲ್ಲಿ ತಿಕ್ಬೇಡಿ, ಒತ್ತಿ ಒರೆಸಿ."

"ಅಪ್ಪಾ, ಫೋನಲ್ಲಿ ಯಾರು?" ಎಂದು ಆ ಕಡೆಯಿಂದ ಮಗುವಿನ ದನಿ.

"ಯಾರೂ ಇಲ್ಲ, ಕಣ್ಮುಚ್ಚು."

ನೊರೆಯಕ್ಕ ಆಗ ದನಿ ತಗ್ಗಿಸುತ್ತಾಳೆ. "ನಿಧಾನಕ್ಕೆ ನೀರು ಹಾಕಿ," ಎನ್ನುತ್ತಾಳೆ.