ಗಿಳಿಹಸಿರು ಕುರ್ತಾ ಮತ್ತು ಫಿನ್ನಿಶ್ ವಿಭಕ್ತಿ

ಕಳೆದ ಶನಿವಾರ, ನನ್ನ ಸ್ವಂತ ಮಗಳ ನಿಶ್ಚಿತಾರ್ಥದಲ್ಲಿ, ಫೋಟೊಗ್ರಾಫರ್ ನನ್ನನ್ನು ಫ್ರೇಮಿನಿಂದ ಹೊರಗೆ ಕಳಿಸಿದ.

ಕ್ರಮವಾಗಿ ವರದಿ ಮಾಡುತ್ತೇನೆ. (ಸುದ್ದಿಮನೆಯ ಚಟ, ನ್ಯೂಜೆರ್ಸಿಗೆ ಬಂದರೂ ಬಿಟ್ಟಿಲ್ಲ.)

ಅಳಿಯನಾಗಲಿರುವ ಮಿಕ್ಕೊ ಫಿನ್‌ಲೆಂಡಿನವನು. ಅವನ ಅಪ್ಪ ಅಮ್ಮ ಮೊದಲ ಸಲ ಬರುತ್ತಿದ್ದರು. ಅವರನ್ನು ಅವರ ಭಾಷೆಯಲ್ಲೇ ಸ್ವಾಗತಿಸಬೇಕೆಂದು ನನಗೆ ಹಟ. ಹ್ಯಾರಿಸನ್ನಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಿಕ್ಕೊನಿಂದ ಪಾಠ ಶುರುವಾಯಿತು. ಇಸೊ ತಾಲೊ ಎಂದರೆ ದೊಡ್ಡ ಮನೆ. ದೊಡ್ಡ ಮನೆಯಲ್ಲಿ ಎನ್ನಲು ಇಸೊಸ್ಸ ತಾಲೊಸ್ಸ. ದೊಡ್ಡ ಮನೆಯಿಂದ? ಇಸೊಸ್ತ ತಾಲೊಸ್ತ. ನಾಮಪದ ಯಾವ ವಿಭಕ್ತಿ ತೊಡುತ್ತದೋ ಗುಣವಾಚಕವೂ ಅದನ್ನೇ ತೊಡಬೇಕು.

ನನಗೆ ಇದು ಸರಿ ಕಾಣಲಿಲ್ಲ. ಕನ್ನಡದ ‘ದೊಡ್ಡ’ವನ್ನು ನೋಡಿ. ಮನೆಯಲ್ಲಿ, ಮನೆಯಿಂದ, ಮನೆಗೆ ಎಂದು ಮನೆ ಏನೇ ವೇಷ ಹಾಕಲಿ, ಅದು ಜಪ್ಪಯ್ಯ ಎಂದರೂ ಕದಲುವುದಿಲ್ಲ. ಒಂದೇ ವಿಷಯವನ್ನು ಎರಡೆರಡು ಸಲ ಹೇಳುವುದೇಕೆ ಎಂದು ಮಿಕ್ಕೊನನ್ನು ಕೇಳಿದೆ. ಇಬ್ಬರೂ ಜೊತೆಗಿದ್ದಾರೆ ಎಂದು ತಿಳಿಯಬೇಡವೇ ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ.

ಅದೇ ವಾರಾಂತ್ಯ ಹೆಂಡತಿ ಪದ್ಮಾ ನನ್ನನ್ನು ಐಸೆಲಿನ್‌ನ ಭಾರತೀಯ ಬಟ್ಟೆ ಅಂಗಡಿಗಳಿಗೆ ಎಳೆದೊಯ್ದಳು. ಅವಳಿಗೆ ಗಿಳಿಹಸಿರು ಸೀರೆ, ಅದಕ್ಕೆ ಮ್ಯಾಚ್ ಆಗುವ ಕುರ್ತಾ ನನಗೆ. ನನ್ನ ಹತ್ತಿರ ಕೆನೆಬಣ್ಣದ ಜುಬ್ಬಾ ಇದೆ, ಮದುವೆ, ಮುಂಜಿ, ತಿಥಿ ಎಲ್ಲಕ್ಕೂ ಅದೇ ಎಂದೆ.

“ನಾವಿಬ್ರೂ ಜೊತೆಗೆ ಬಂದಿದೀವಿ ಅಂತ ಜನಕ್ಕೆ ಗೊತ್ತಾಗೋದು ಬೇಡ್ವೇನ್ರೀ?”

ಫಿನ್‌ಲೆಂಡಿನ ವಾದ, ಮೈಸೂರಿನ ಉಚ್ಚಾರಣೆ. ನಾನು ಬಗ್ಗಲಿಲ್ಲ.

ಶನಿವಾರ ಬ್ರಿಡ್ಜ್‌ವಾಟರಿನ ಹಾಲ್‌ಗೆ ಜುಬ್ಬಾದಲ್ಲೇ ಹೋದೆ. ಬಾಗಿಲಲ್ಲಿ ಬೀಗಿತ್ತಿ ಗಿಳಿಹಸಿರು ಸೀರೆಯಲ್ಲಿ. ಬೀಗರು ಗಿಳಿಹಸಿರು ಕುರ್ತಾದಲ್ಲಿ. ಮಿಕ್ಕೊ ಗಿಳಿಹಸಿರು, ಮಗಳು ಗಿಳಿಹಸಿರು. (ಪದ್ಮಾ ಯಾರನ್ನೂ ಬಿಟ್ಟಿರಲಿಲ್ಲ.)

‘ದೊಡ್ಡ ಮನೆಗೆ ಸ್ವಾಗತ’ ಎಂದು ಒಂದು ವಿಭಕ್ತಿಯೂ ತಪ್ಪದಂತೆ ಫಿನ್ನಿಶ್‌ನಲ್ಲಿ ಒಪ್ಪಿಸಿದೆ. ಬೀಗಿತ್ತಿ ಬೆರಗಾದರು. ಹಾಲ್‌ನ ಸಿಬ್ಬಂದಿಗೆ ಎಷ್ಟು ಚೆನ್ನಾಗಿ ತರಬೇತಿ ಕೊಟ್ಟಿದ್ದಾರೆ ಎಂದು ಮಗನಿಗೆ ಹೇಳಿದರಂತೆ.

ಆಮೇಲೆ ಆ ಫೋಟೊ. ಹಸಿರು ಸಾಲಿನ ತುದಿಯಲ್ಲಿ ಹೋಗಿ ನಿಂತೆ.

“ಅಂಕಲ್, ಸ್ವಲ್ಪ ಸೈಡಿಗೆ ಬನ್ನಿ. ಇದು ಫ್ಯಾಮಿಲಿ ಫೋಟೊ.”

ಪದ್ಮಾ ಮೇಲೆ ಸೂರು ನೋಡುತ್ತಿದ್ದಳು. ಮಗಳು ನನ್ನನ್ನೇ ನೋಡಿದಳು. “ಅಪ್ಪಾ, ಪ್ಲೀಸ್.”

ಕುರ್ತಾ ಕಾರಿನ ಡಿಕ್ಕಿಯಲ್ಲಿತ್ತು. (ಇಟ್ಟವರು ಯಾರೆಂದು ಹೇಳಬೇಕಿಲ್ಲ.) ಪಾರ್ಕಿಂಗ್ ಲಾಟಿನಲ್ಲಿ, ಹಿಂದಿನ ಸೀಟಿನಲ್ಲಿ ಮುದುಡಿಕೊಂಡು ಜುಬ್ಬಾ ಕಳಚಿ, ನಾನು ಕದಲಿದೆ.

ಮರಳಿ ಬಂದಾಗ ಅದೇ ಫೋಟೊಗ್ರಾಫರ್, “ಎಲ್ಲಿ ಹೋಗಿದ್ರಿ ಅಂಕಲ್? ಆಗ್ಲಿಂದ ನಿಮಗೋಸ್ಕರಾನೇ ಕಾಯ್ತಿದೀವಿ” ಎಂದ.

ಕಾಯುತ್ತಿದ್ದದ್ದು ನನಗೋ, ಕುರ್ತಾಕ್ಕೋ?