ನಿಂಬೆ ಘಮದ ನೀತಿಗೆ ನನ್ನ ರುಜು

ಓದದೆ ರುಜು ಹಾಕುವುದರಲ್ಲಿ ನನ್ನನ್ನು ಮೀರಿಸುವ ಹೆಡ್‌ಮಾಸ್ತರು ಅರಕಲಗೂಡು ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಾರರು. ಇದು ಜಂಬವಲ್ಲ, ಅಭ್ಯಾಸಬಲ. ಹಾಲಿನ ಪುಡಿಗೆ ಒಂದು ರುಜು, ಮೊಟ್ಟೆಗೆ ಒಂದು, ಶೂಗೆ ಒಂದು, ಇವೆಲ್ಲ ಬಂದವು ಎನ್ನುವುದಕ್ಕೆ ಮತ್ತೊಂದು. ಎಲ್ಲವನ್ನೂ ಓದುತ್ತ ಕೂತರೆ ಪಾಠ ಮಾಡುವವರು ಯಾರು? ಪಾಠವನ್ನೂ ಮಾಡಲಾಗುತ್ತಿಲ್ಲ ಎನ್ನುವುದು ಬೇರೆ ಮಾತು.

ಇಂಥ ನನ್ನನ್ನು ಶಾಲೆಗಳ ಹಸಿರು ಸ್ವಚ್ಛತಾ ನೀತಿ ರೂಪಿಸುವ ಸಮಿತಿಗೆ ಸೇರಿಸಿದರು. ಖುಷಿಯಿಂದಲೇ ಒಪ್ಪಿದೆ, ಕಾರಣ ಜಯಮ್ಮ. ಕೊಣನೂರಿನ ಆಚೆಗಿರುವ ನಮ್ಮ ಶಾಲೆಯ ಶೌಚಾಲಯ ತೊಳೆಯುವವರು ಅವರು. ಆಸಿಡ್ ಸುರಿದು ಸುರಿದು ಅವರ ಬೆರಳ ಸಂದುಗಳು ಬಿರಿದಿದ್ದವು. ಕೆಮ್ಮು ಬೇರೆ. ಕೊನೆಗೆ ಆಸಿಡ್ ಬಿಟ್ಟು ಅಂಟುವಾಳಕಾಯಿ ನೆನೆಸಿದ ನೀರಿನಲ್ಲಿ ಉಜ್ಜತೊಡಗಿದರು. ನೆಲವೂ ಚೊಕ್ಕಟವಾಯಿತು, ಕೈಯ ಬಿರುಕೂ ಮಾಯಿತು.

“ಮೀಟಿಂಗ್ನಾಗೆ ಇದ್ನ ಏಳ್ಬುಡಿ ಸಾ, ಬೇರೆ ಸ್ಕೂಲ್ನೋರ ಕೈನೂ ಉಳ್ಕಳ್ಳಿ” ಎಂದು ಜಯಮ್ಮ ನನ್ನನ್ನು ಹಾಸನಕ್ಕೆ ಕಳಿಸಿಕೊಟ್ಟರು.

ಸಭೆಯಲ್ಲಿ ಒಬ್ಬ ತಾಂತ್ರಿಕ ಸಲಹೆಗಾರರಿದ್ದರು. ಶೌಚಾಲಯ ತೊಳೆಯುವ ದ್ರಾವಣ ತಯಾರಿಸುವ ಕಂಪನಿಯವರು. ನಮಗೆ ಶ್ರಮವಾಗಬಾರದೆಂದು ನೀತಿಯನ್ನು ಮೊದಲೇ ಬರೆದು, ಬೈಂಡು ಮಾಡಿಸಿಕೊಂಡು ಬಂದಿದ್ದರು. ಬಾಗಿಲಲ್ಲೇ ಹಾಜರಿ ಹಾಳೆ ಚಾಚಿದರು, ರುಜು ಹಾಕಿದೆ. ಬಾದಾಮಿ ಹಾಲು ಬಂತು, ಹಸಿರು ಫೈಲು ಬಂತು. ನಾನು ಅಂಟುವಾಳದ ವಿಷಯ ಎತ್ತಿದಾಗ ಸಲಹೆಗಾರರು ಅದನ್ನು ಎಷ್ಟು ಶ್ರದ್ಧೆಯಿಂದ ಬರೆದುಕೊಂಡರೆಂದರೆ, ಅವರ ಮೇಲೆ ಗುಮಾನಿಪಟ್ಟದ್ದಕ್ಕೆ ನನಗೇ ನಾಚಿಕೆಯಾಯಿತು. “ಬಿಸಿಬೇಳೆಬಾತ್ ಆರಿಹೋಗುತ್ತೆ, ಬನ್ನಿ ಸಾರ್” ಎಂದರು. ಪಕ್ಕದಲ್ಲಿದ್ದ ಚನ್ನರಾಯಪಟ್ಟಣದ ಹೆಡ್‌ಮಾಸ್ತರು ಆಗಲೇ ಎದ್ದಿದ್ದರು. ನಾನೂ ಎದ್ದೆ.

ನೀತಿ ಜಾರಿಯಾಗಿ ಶಾಲೆಗೆ ಬಂತು. ಹಸಿರು ಪದಾರ್ಥವೆಂದರೆ ಮೊಹರು ಮಾಡಿದ ಕ್ಯಾನಿನಲ್ಲಿದ್ದು, ಲೇಬಲಿನ ಮೇಲೆ ಎಲೆಯ ಗುರುತು ಇರತಕ್ಕದ್ದು. ಆ ಗುರುತು ಕೊಡುವುದು ಕ್ಯಾನು ತಯಾರಿಸುವವರದೇ ಸಂಘ. ಅಂಟುವಾಳದ ಮರದಲ್ಲಿ ಎಲೆಗಳು ಬೇಕಾದಷ್ಟಿವೆ, ಆದರೆ ಒಂದನ್ನೂ ಯಾರೂ ಪ್ರಮಾಣೀಕರಿಸಿಲ್ಲ. ಹಾಗಾಗಿ ಅದು ನಿಷಿದ್ಧ. ಕೊನೆಯ ಪುಟದಲ್ಲಿ ನಾವು ಬಾಗಿಲಲ್ಲಿ ಹಾಕಿದ ಹಾಜರಿ ರುಜುಗಳನ್ನೇ ಲಗತ್ತಿಸಿ, ಮೇಲೆ ‘ಸರ್ವಾನುಮತದಿಂದ ಅನುಮೋದಿಸಿದವರು’ ಎಂದು ಅಚ್ಚು ಹಾಕಿದ್ದರು. ನನ್ನದೇ ಎಲ್ಲಕ್ಕಿಂತ ದುಂಡಗಿತ್ತು.

ಹಿಂದೆಯೇ ಕ್ಯಾನುಗಳೂ ಬಂದವು. ಶಾಲೆಯೆಲ್ಲ ನಿಂಬೆಯ ಘಮ. ನಿಜ ಹೇಳುತ್ತೇನೆ, ನನಗೆ ಹಿಡಿಸಿತು. ಹೊಳೆನರಸೀಪುರದಲ್ಲಿ ಶಾಸ್ತ್ರ ಓದಿಕೊಂಡಿದ್ದ ನಮ್ಮ ತಾತ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ತರ್ಕಶಾಸ್ತ್ರದ ಪ್ರಕಾರ ವಾಸನೆ ಮಣ್ಣಿನ ಗುಣ. ಶುದ್ಧ ನೀರಿಗೆ ವಾಸನೆಯಿಲ್ಲ. ತೊಳೆದ ಮೇಲೂ ನೆಲ ಘಮ್ಮೆನ್ನುತ್ತಿದೆಯೆಂದರೆ ಅಲ್ಲಿ ಏನೋ ಉಳಿದುಕೊಂಡಿದೆ ಎಂದೇ ಅರ್ಥ. ತರ್ಕ ನನಗೆ ತಡವಾಗಿ ಹೊಳೆಯುತ್ತದೆ.

ತಿಂಗಳಾಗುವಷ್ಟರಲ್ಲಿ ಜಯಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಬಂದರು. ಬಿಚ್ಚಿಸಿ ನೋಡಿದರೆ ಬೆರಳುಗಳ ಚರ್ಮ ಸುಲಿದಿದೆ. “ಗ್ಲೌಸ್ ಹಾಕ್ಕೋಬಾರದಿತ್ತೇನಮ್ಮ?” ಎಂದು ರೇಗಿದೆ.

“ಆಸಿಡ್ ಆಗಿದ್ರೆ ಎದ್ರುತಿದ್ದೆ ಸಾ. ಇದುಕ್ಕೆ ನಿಮ್ ರುಜು ಐತೆ ಅಂತ ಟೀಚರಮ್ಮ ಆ ನೀತಿ ಬುಕ್ನಾಗೆ ತೋರ್ಸುದ್ರು. ನೀವು ನೋಡೇ ಆಕಿರ್ತೀರ ಅಂತ ಬರೀ ಕೈಲೇ ಉಜ್ಜಿದೆ.”

ಅವರು ಬೈದಿದ್ದರೆ ಏನಾದರೊಂದು ಸಮಜಾಯಿಷಿ ಹೇಳುತ್ತಿದ್ದೆ. ಆದರೆ ಅವರು ನನ್ನನ್ನು ನಂಬಿದ್ದರು. ಕಣ್ಣಲ್ಲಿ ನೀರು ಬಂತು.

ನನ್ನ ರುಜು ತೆಗೆದುಹಾಕಿ ಎಂದು ಹಾಸನಕ್ಕೆ ಬರೆದೆ. ರುಜು ಹಿಂಪಡೆಯಲು ನಿಗದಿತ ನಮೂನೆ ಇರುವುದಿಲ್ಲ, ತಯಾರಾದಾಗ ರುಜುವಿನೊಂದಿಗೆ ಸಲ್ಲಿಸಬಹುದು ಎಂದು ಉತ್ತರ ಬಂತು. ಕ್ಯಾನುಗಳನ್ನೆಲ್ಲ ಒಳಗೆ ಹಾಕಿ ಬೀಗ ಜಡಿದೆ. ಕೈ ವಾಸಿಯಾದ ಮೇಲೆ ಅಂಟುವಾಳವನ್ನೇ ಬಳಸಿ ಎಂದು ಜಯಮ್ಮನಿಗೆ ಹೇಳಿದೆ.

“ಯಾರಾರ ಬಂದು ಕೇಳುದ್ರೆ?”

“ನಾನು ಹೇಳಿದೆ ಅನ್ನಿ.”

“ಬಾಯ್ಮಾತು ಬ್ಯಾಡ ಸಾ, ಬರ್ಕೊಡಿ.”

ಬರೆದೆ. ಕೈ ತಾನಾಗಿಯೇ ಹಾಳೆಯ ಕೆಳತುದಿಗೆ ಓಡಿತು. ಜಯಮ್ಮ ಬಟ್ಟೆ ಸುತ್ತಿದ ಕೈಯನ್ನು ಅಲ್ಲಿ ಅಡ್ಡವಿಟ್ಟರು.

“ಮೊದ್ಲು ಓದಿ ಸಾ.”

ಎದ್ದು ನಿಂತು ಓದಿದೆ.